ಖಾಸಿಂಸಾಬರ ಎಡಗೈ

ನನ್ನ ಗಂಡನ ಬಲಗೈಯನ್ನು ಹೊಗಳದವರು ಲಕ್ಷ್ಮೇಶ್ವರದಲ್ಲಿ ಯಾರೂ ಇರಲಿಲ್ಲ. ಅವರಿಗೊಂದು ಎಡಗೈಯೂ ಇದೆ ಎಂಬುದನ್ನು ಕಟ್ಟಿಕೊಂಡ ನಾನೇ ಮರೆತುಬಿಟ್ಟಿದ್ದೆ.

ನಾವು ನದಾಫರು. ಅರಳೆ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಹಿಂಜುವ ಬಿಲ್ಲು ಆಳೆತ್ತರ ಇರುತ್ತದೆ. ಎಡಗೈ ಅದರ ಭಾರ ಹೊತ್ತು ಗೂಟದಂತೆ ಅಲುಗಾಡದೆ ನಿಲ್ಲಬೇಕು. ಬಲಗೈ ಮರದ ಗುಂಡು ಹಿಡಿದು ಬಿಲ್ಲಿಗೆ ಬಿಗಿದ ನರದ ಮೇಲೆ ಒಂದೇ ಸಮ ಏಟು ಹಾಕುತ್ತಿರಬೇಕು. ಏಟು ಹಾಕುವ ಕೈ ಜನರ ಕಣ್ಣಿಗೆ ಬೀಳುತ್ತದೆ, ಹೊತ್ತು ನಿಂತ ಕೈಯನ್ನು ಯಾರು ನೋಡುತ್ತಾರೆ? ನಮ್ಮ ಮನೆಯವರು, ಅಂದರೆ ಖಾಸಿಂಸಾಬ, ಹಿಂಜುವ ಮಷಿನ್ ಊರಿಗೆ ಬರುವ ತನಕ ಆ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಶಿರಹಟ್ಟಿ, ಅಸುಂಡಿ, ಹರ್ತಿ, ಮುಂಡರಗಿ ಅಂತ ಊರೂರು ತಿರುಗಿದವರು.

ಮುಂಡರಗಿ ಕಡೆ ಹೊರಟರೆ ಬಿಲ್ಲಿನ ಜೊತೆಗೊಂದು ಬಿದಿರಿನ ಗಾಳದ ಕೋಲೂ ಹೊರಡುತ್ತಿತ್ತು. ಗಾದಿ ಹೊಲಿದು ಮುಗಿಸಿ ನೆಟ್ಟಗೆ ಮನೆಗೆ ಬರುವ ಜಾತಿಯಲ್ಲ ಆ ಮನುಷ್ಯ. ತುಂಗಭದ್ರೆಯ ದಂಡೆಯಲ್ಲಿ ಒಂದು ಬಂಡೆ ಇತ್ತು. ಅದರ ಮೇಲೆ ನಿಂತು ಬಲಗೈಯನ್ನು ತಲೆಯ ಮೇಲಿಂದ ಬೀಸಿ, ತೇಲಿ ಹೋಗುವ ಎಲೆಯ ಪಕ್ಕಕ್ಕೇ ಗಾಳ ಬೀಳಿಸುತ್ತಿದ್ದರು. ಹೊಳೆಸಾಲಿನವರು ಅದಕ್ಕೆ ಸಾಬರ ಬಂಡೆ ಎಂದೇ ಹೆಸರಿಟ್ಟಿದ್ದರು. ನಾನು ಮನೆಯಲ್ಲಿ ಅಡುಗೆ ಮಾಡಿಟ್ಟುಕೊಂಡು, ಈ ಮನುಷ್ಯ ಯಾವ ಮಡುವಿಗೆ ಬಿದ್ದನೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ಬಂದ ಮೇಲೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈಸಿಕೊಂಡು ನಗುತ್ತ ಮೀನನ್ನು ಮಗಳ ಮುಂದೆ ಇಡುತ್ತಿದ್ದರು.

ಮಗಳು ಸಬೀನಾ, ಗದಗ ಬೇರೆ ಜಿಲ್ಲೆಯಾದ ವರ್ಷ ಹುಟ್ಟಿದವಳು, ಒಬ್ಬಳೇ. ಮೀನಿನ ಬಾಯಿಂದ ಗಾಳ ಬಿಡಿಸುವುದು ಚಿಕ್ಕಂದಿನಿಂದ ಅವಳ ಪಾಲಿನ ಕೆಲಸ. ತುಟಿ ಎಲ್ಲಿ ಹರಿದಿದೆ, ಗಾಳ ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಿಯೇ ಮೀನು ಎಷ್ಟು ಜಗ್ಗಾಡಿತು ಅಂತ ಅಪ್ಪನಿಗೇ ಹೇಳುತ್ತಿದ್ದಳು. ಅಪ್ಪ ಮಗಳು ಕೂತು ಆ ಮಾತು ಆಡುವಾಗ ನನಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ಆಮೇಲೆ ಬಲಹೆಗಲು ಹೋಯಿತು. ಅಷ್ಟು ವರ್ಷ ಏಟು ಹಾಕಿದ ಕೀಲು ಸವೆಯದೆ ಇರುತ್ತದೆಯೇ? ಕೈ ಕಿವಿಗಿಂತ ಮೇಲೆ ಏಳದಂತಾಯಿತು. ಅದೇ ಹೊತ್ತಿಗೆ ಹೊಳೆಗೆ ಕಟ್ಟಿದ ಬ್ಯಾರೇಜಿನ ನೀರು ನಿಂತು ಸಾಬರ ಬಂಡೆಯೂ ಮುಳುಗಿತು. ಬಿಲ್ಲು ಗೋಡೆ ಸೇರಿತು, ಗಾಳದ ಕೋಲು ಅದರ ಪಕ್ಕಕ್ಕೆ ಹೋಯಿತು. ನಾನಂತೂ ಒಳಗೊಳಗೇ ಖುಷಿಪಟ್ಟೆ. ಇನ್ನಾದರೂ ಹೊಳೆಯ ಚಿಂತೆ ತಪ್ಪಿತು ಅಂದುಕೊಂಡೆ.

ಸಬೀನಾ ಮೂರನೆಯ ಸಲ ಬಸುರಾಗಿ ಹೋಳಿಹುಣ್ಣಿಮೆಯ ಹೊತ್ತಿಗೆ ತವರಿಗೆ ಬಂದಳು. ಮೊದಲಿನ ಎರಡೂ ಉಳಿದಿರಲಿಲ್ಲ. ಎರಡನೆಯದರ ಎದೆಬಡಿತ ಹೊಟ್ಟೆಯೊಳಗೇ ನಿಂತುಹೋದಾಗ ಅವಳ ಗಂಡ ಶಾಹಬಾಜ, ನಾನು, ಇವರು, ಎಲ್ಲರೂ ಕೂಡಿ ಎಲ್ಲ ಚೆನ್ನಾಗಿದೆ ಎಂದು ಅವಳಿಗೆ ಹೇಳಿದ್ದೆವು. ಅವಳು ಆಸ್ಪತ್ರೆಯ ಮಂಚದ ಮೇಲೆ ಕೂತು ಹುಟ್ಟುವ ಕೂಸಿಗೆ ಕುಲಾವಿ ಹೊಲಿಯುತ್ತಿದ್ದಳು, ನಾವು ನೋಡುತ್ತ ಕೂತಿದ್ದೆವು. ಹೇಳುವ ಧೈರ್ಯ ಯಾರಿಗಿತ್ತು? ನಿಜ ಗೊತ್ತಾದ ಮೇಲೆ ಅವಳು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ಅವತ್ತಿನಿಂದ ನಮ್ಮ ಮಾತು ನಂಬುವುದನ್ನು ಬಿಟ್ಟಳು.

ಈ ಸಲ ಏಳನೆಯ ತಿಂಗಳಿಗೆ ಬಿದ್ದರೂ ತಿಂದದ್ದು ಒಳಗೆ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿಸಿದರೆ ಗಂಜಿ, ಹಾಲು ಕುಡಿಸಿದರೆ ಹಾಲು, ಎಲ್ಲ ವಾಪಸ್ಸು. ನಾನು ತಾಟಿನ ಜೊತೆಗೇ ಬೋಗುಣಿ ಹಿಡಿದು ನಿಲ್ಲುವುದನ್ನು ಕಲಿತೆ. ಗದಗಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಕೂಸು ಬೆಳೆಯುತ್ತಿಲ್ಲ, ತಾಯಿಯ ಹೊಟ್ಟೆಗೆ ಅನ್ನ ಹೋಗದಿದ್ದರೆ ಇದನ್ನೂ ಉಳಿಸಿಕೊಳ್ಳುವುದು ಕಷ್ಟ ಎಂದರು.

ಒಂದು ಬೆಳಿಗ್ಗೆ ಅರೆನಿದ್ದೆಯಲ್ಲಿ ಸಬೀನಾ ಅಂದಳು: “ಅಪ್ಪನ ಗಾಳದ ಮೀನಿದ್ರ ಒಂದ ತುತ್ತ ಉಣ್ಣತಿದ್ದೆ, ಅವ್ವಾ.” ಆಮೇಲೆ ಪೂರಾ ಎಚ್ಚರವಾಗಿ, ಬೇಡ ಬಿಡು, ಅಪ್ಪನ ಹೆಗಲು ನೋಯುತ್ತದೆ ಎಂದು ಮಾತು ನುಂಗಿಕೊಂಡಳು.

ನುಂಗಿಕೊಂಡರೆ ಆಯಿತೇ? ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಕಿವಿ ಸೋರುವ ಮಾತು ಹಾಗಿರಲಿ, ಕೂಸು ಹುಟ್ಟಿದರೆ ಸಾಕಾಗಿತ್ತು ನನಗೆ. ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಗೋಡೆಯಿಂದ ಬಿದಿರು ಕೋಲು ಇಳಿಸಿ ಅಂಗಳದಲ್ಲಿ ಒಮ್ಮೆ ಬೀಸಲು ನೋಡಿದರು. ಕೈ ಕಿವಿಯ ತನಕ ಹೋಗಿ ನಿಂತಿತು. ಕೋಲನ್ನು ಅಲ್ಲೇ ಇಟ್ಟು, ಯಾರಿಗೂ ಹೇಳದೆ ಬೆಟಗೇರಿಯ ಬಸ್ಸು ಹತ್ತಿದರು.

ಬೆಟಗೇರಿಯಲ್ಲಿ ಗೋಪಣ್ಣ ಇದ್ದ, ನೇಕಾರರವನು. ಹರೆಯದಲ್ಲಿ ಮಗ್ಗ ಬಿಟ್ಟು ಕಾವೇರಿ ಕಡೆ ಹೋಗಿ, ಪರದೇಶದವರು ಮೀನು ಹಿಡಿಯಲು ಬರುವ ಒಂದು ಕ್ಯಾಂಪಿನಲ್ಲಿ ಅಡುಗೆ ಮಾಡಿಕೊಂಡಿದ್ದ. ವಾಪಸ್ಸು ಬರುವಾಗ ಅಲ್ಲಿಯವರು ಕೊಟ್ಟ ಉದ್ದನೆಯ ಕೋಲೊಂದನ್ನು ತಂದಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀಸಬೇಕು. ಗಾಳಕ್ಕೆ ಎರೆಹುಳ ಇಲ್ಲ, ಹಿಟ್ಟಿಲ್ಲ, ಸೀಸದ ಗುಂಡೂ ಇಲ್ಲ. ಹುಂಜದ ಗರಿ ಸುತ್ತಿದ ಕೊಕ್ಕೆ ಮಾತ್ರ. ಭಾರವೆಲ್ಲ ದಪ್ಪನೆಯ ದಾರದಲ್ಲೇ ಇರುತ್ತದೆ. ಹೊಳೆಯಲ್ಲಿ ಸಿಕ್ಕಾಗಲೆಲ್ಲ ನಮ್ಮವರು ಅವನನ್ನು ಛೇಡಿಸುತ್ತಿದ್ದರಂತೆ, ಎರಡು ಕೈಯಲ್ಲಿ ಮೀನು ಹಿಡಿಯುವುದೆಂದರೆ ಬಾವಿಯಿಂದ ನೀರು ಸೇದಿದ ಹಾಗೆ ಎಂದು. ಈಗ ಅದೇ ಬಾಯಲ್ಲಿ ಕಲಿಸು ಎಂದು ಕೇಳಬೇಕಾಯಿತು. ಗೋಪಣ್ಣ ನಗಲಿಲ್ಲವಂತೆ. ಈ ಬೀಸಿಗೆ ಕೈ ಕಿವಿಗಿಂತ ಮೇಲೆ ಏಳಬೇಕಿಲ್ಲ, ದಾರ ಹಿಂದಕ್ಕೆ ದೂರ ಹೋಗುವುದೂ ಇಲ್ಲ, ಬೆನ್ನ ಹಿಂದೆ ಗಿಡಗಂಟಿ ಇದ್ದರೂ ನಡೆಯುತ್ತದೆ ಎಂದನಂತೆ.

ಕಲಿಯಲು ಮೊದಲು ಶಿರಹಟ್ಟಿ ಹತ್ತಿರದ ಮಾಗಡಿಯ ಕೆರೆಗೆ ಹೋದರು. ಚಳಿಗಾಲಕ್ಕೆ ಪರದೇಶದಿಂದ ಬಂದಿಳಿಯುವ ಹಕ್ಕಿಗಳು ಇನ್ನೂ ಪೂರ್ತಿ ತಿರುಗಿ ಹೋಗಿರಲಿಲ್ಲ. ಬಂದ ಅತಿಥಿಗಳ ನಡುವೆ ಹಗ್ಗ ಬೀಸುತ್ತೀರಾ ಎಂದು ಊರವರು ಇಬ್ಬರನ್ನೂ ಓಡಿಸಿದರು. ಕಡೆಗೆ ಹರ್ತಿಯಲ್ಲಿ ಸಕ್ರಪ್ಪ ಎಂಬ ಪರಿಚಯದವರ ಕೃಷಿಹೊಂಡ ಸಿಕ್ಕಿತು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿ ಹರಿಯಬಾರದೆಂದು ಕೊಕ್ಕೆ ತೆಗೆದು ತುದಿಗೆ ಒಂದು ಅರಳೆಯ ಎಳೆ ಕಟ್ಟಿಕೊಂಡು, ದಿನಾ ಬಿಸಿಲೇರುವ ತನಕ ಬೀಸುವುದು.

ಆಗಲೊಲ್ಲದು. ನಲವತ್ತು ವರ್ಷ ಗಾಳ ಹಾಕಿದ ಮನುಷ್ಯ, ಕೋಲು ಹೊಸದೆಂದರೆ ಎಷ್ಟು ಹೊಸದು ಅಂತ ನಾನೂ ತಿಳಿದಿದ್ದೆ. ಆದರೆ ಕಲಿತದ್ದೇ ಅವರಿಗೆ ಮುಳುವಾಯಿತು. ದಾರವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಎಳೆದು ನೀರಿಗೆ ತಾಗಿಸಬೇಕು. ಅದು ಬೆನ್ನ ಹಿಂದೆ ಬಿಲ್ಲಿನಂತೆ ಬಾಗಿ ನಿಂತಾಗ, ಮೇಲಿನ ಬಲಗೈ ಸುಮ್ಮನೆ ದಾರಿ ತೋರಿಸಬೇಕು, ಬುಡದ ಎಡಗೈ ಕೋಲನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳಬೇಕು. ಇಷ್ಟೇ. ಇವರಿಗೆ ಬೆನ್ನ ಹಿಂದೆ ಬಿಲ್ಲು ಬಂತೆಂದರೆ ಸಾಕು, ಎಡಗೈ ಗೂಟವಾಗಿ ನಿಲ್ಲುತ್ತಿತ್ತು, ಬಲಗೈ ಏಟು ಹಾಕುತ್ತಿತ್ತು. ದಾರ ಗುಂಪಾಗಿ ಮೂಗಿನ ಮುಂದೆ ಬೀಳುತ್ತಿತ್ತು.

“ಸಾಬ್ರ, ಅರಳಿ ಹಿಂಜಬ್ಯಾಡ್ರಿ,” ಎನ್ನುತ್ತಿದ್ದ ಗೋಪಣ್ಣ. ತಾನು ಮಾತ್ರ ಬೀಸಿದರೆ ದಾರ ಹೊಂಡ ದಾಟಿ ಆಚೆಯ ಬದುವಿನ ಮೇಲೆ ಬೀಳುತ್ತಿತ್ತು. ಮಗ್ಗದಲ್ಲಿ ಒಂದು ಕೈ ಲಾಳಿ ಓಡಿಸಿದರೆ ಇನ್ನೊಂದು ಕೈ ಹಲಗೆ ಬಡಿಯುತ್ತದೆ, ನೇಕಾರನಿಗೆ ಎರಡೂ ಕೈ ದುಡಿದು ಗೊತ್ತು. ಒಂದು ದಿನ ನಾನೇ ಹೋಗಿ ನೋಡಿ, ನಿನ್ನ ಲಾಳಿಯ ಜಂಬ ಸಾಕು, ಕಲಿಸುವುದಾದರೆ ಕಲಿಸು ಎಂದು ರೇಗಿದೆ. ಪಾಪ, ಅವನ ತಪ್ಪೇನಿತ್ತು. ಮನೆಯಲ್ಲಿ ಸಬೀನಾಳ ಕೆನ್ನೆ ದಿನದಿಂದ ದಿನಕ್ಕೆ ಒಳಗೆ ಹೋಗುತ್ತಿತ್ತು, ಸಿಟ್ಟು ಯಾರ ಮೇಲಾದರೂ ಬೀಳಲೇಬೇಕಿತ್ತು.

ನನಗೆ ತಡೆಯಲಾಗಲಿಲ್ಲ. ಈ ಮನುಷ್ಯ ಕಲಿಯುವಷ್ಟರಲ್ಲಿ ಮಗಳು ನನ್ನ ಕೈಬಿಟ್ಟು ಹೋಗುತ್ತಾಳೆ ಅನ್ನಿಸಿತು. ಒಂದು ದಿನ ಇವರು ಹರ್ತಿಗೆ ಹೋದಾಗ ಪೇಟೆಯಿಂದ ಒಂದು ಬಾಳೆಮೀನು ತಂದೆ. ಗಾಳದ ಗುರುತು ಬೇಕಲ್ಲ? ಗಾದಿ ಹೊಲಿಯುವ ದಬ್ಬಣ ತೆಗೆದುಕೊಂಡು ಅದರ ದವಡೆಗೆ ಚುಚ್ಚಿ ತೂತು ಮಾಡಿದೆ. ಅಪ್ಪ ಹೊಳೆಗೆ ಹೋಗಿ ಹಿಡಿದು ಕಳಿಸಿದ್ದಾರೆ ಎಂದು ಸಬೀನಾಳ ಮುಂದೆ ಇಟ್ಟೆ. ಅವಳ ಮುಖ ಒಂದು ಕ್ಷಣ ಅರಳಿತು. ಎದ್ದು ಕೂತಳು, ಮೀನಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

“ಗಾಳ ಒಳಗಿಂದ ಹೊರಗ ಹರಕೊಂಡ ಬರತೈತಿ, ಅವ್ವಾ. ಇದು ಹೊರಗಿಂದ ಒಳಗ ಹೋಗೇತಿ. ಗಾದಿ ಹೊಲಿದಂಗ ಐತಿ,” ಎಂದಳು. ಮೀನು ಕೆಳಗಿಟ್ಟು, “ಹೋದ ಸಲನೂ ಹಿಂಗ ಮಾಡಿದ್ರಿ,” ಎಂದು ಗೋಡೆಯ ಕಡೆ ಹೊರಳಿದಳು.

ನಾನು ಮೀನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಬೆಕ್ಕಿಗೆ ಹಾಕಿದೆ. ಬೆಕ್ಕಿಗೆ ಏನು, ಅದು ತೂತು ನೋಡುತ್ತದೆಯೇ? ಅವತ್ತು ಸಂಜೆ ಸಬೀನಾ ನನ್ನ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಪಕ್ಕದ ಮನೆಯ ಅಮೃತವ್ವ ಬಂದು ಕುಡಿಸಬೇಕಾಯಿತು. ಇವರಿಗೆ ನಾನು ಒಂದು ಮಾತೂ ಹೇಳಲಿಲ್ಲ. ನಾಳೆಯೇ ಹೊಳೆಗೆ ಹೊರಡಿ, ನಾನೂ ಬರುತ್ತೇನೆ ಎಂದಷ್ಟೇ ಹೇಳಿದೆ. ಇನ್ನೂ ಕೈ ಕೂತಿಲ್ಲ ಎಂದರು. ಕೂತಿಲ್ಲವಾದರೆ ಅಲ್ಲಿಯೇ ಕೂರಿಸಿ ಎಂದೆ.

ಸಬೀನಾಳನ್ನು ಅಮೃತವ್ವನ ಹತ್ತಿರ ಬಿಟ್ಟು ನಸುಕಿನಲ್ಲೇ ಮುಂಡರಗಿ ದಾರಿ ಹಿಡಿದೆವು. ಗೋಪಣ್ಣ ಬೆಟಗೇರಿಯಿಂದ ಬಂದು ಕೂಡಿಕೊಂಡ. ಹೊಳೆ ಎಂದರೆ ಈಗ ಹೊಳೆಯಲ್ಲ, ಕಣ್ಣು ಹಾಯುವಷ್ಟು ನಿಂತ ನೀರು. ಸಾಬರ ಬಂಡೆ ಎಲ್ಲಿತ್ತೋ ಆ ಜಾಗವನ್ನು ಇವರು ಕೈ ಮಾಡಿ ತೋರಿಸಿದರು. ದಂಡೆಯ ಹತ್ತಿರ ಮೊಣಕಾಲು ನೀರು, ಬೆನ್ನಿಗೆ ಜಾಲಿಕಂಟಿ, ಮೀನು ಆಡುವ ಜಾಗ ದೂರದಲ್ಲಿ ಬಂಡೆ ಮುಳುಗಿದ ಕಡೆ. ಫೋನ್ ತೆಗೆದು ನೋಡಿದರೆ ಸಿಗ್ನಲ್ಲಿನ ಒಂದು ಗೀಟೂ ಇಲ್ಲ. ಮನೆಯಲ್ಲಿ ಏನಾದರೂ ಆದರೆ ನನಗೆ ಖಬರೇ ಆಗುವುದಿಲ್ಲವಲ್ಲ ಎಂದು ಫೋನನ್ನು ಮೇಲೆತ್ತಿ ಮತ್ತೆ ಮತ್ತೆ ನೋಡಿದೆ.

ಗೋಪಣ್ಣ ಗರಿಯ ಗಾಳ ಕಟ್ಟಿದ. ಕಟ್ಟುವ ಮೊದಲು ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿದ್ದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ನಯ ಮಾಡಿದ. ಕ್ಯಾಂಪಿನಲ್ಲಿ ಹಿಡಿದ ಮೀನನ್ನು ಗಾಯವಾಗದಂತೆ ವಾಪಸ್ಸು ಬಿಡುವ ಪದ್ಧತಿಯಂತೆ, ಕೈಗೆ ಅದೇ ರೂಢಿ. ನಾನು ನೋಡಿದೆ, ಆದರೆ ಅದರ ಕಡೆ ಲಕ್ಷ್ಯ ಕೊಡಲಿಲ್ಲ.

ಇವರು ನೀರಿಗಿಳಿದು ಬೀಸಿದರು. ದಾರ ಗುಂಪಾಗಿ ಬಿತ್ತು. ಮತ್ತೆ ಬೀಸಿದರು, ಜಾಲಿಗೆ ಸಿಕ್ಕಿತು. ಗಾಳಿ ಎದ್ದಿತು. ಒಮ್ಮೆ ಕೊಕ್ಕೆ ಕಿವಿಯ ಪಕ್ಕದಿಂದಲೇ ಸುಂಯ್ ಎಂದು ಹೋಯಿತು, ನಾನು ಕಣ್ಣು ಮುಚ್ಚಿದೆ. ಬಿಸಿಲು ಏರತೊಡಗಿತು. ಬಿಸಿಲೇರಿದರೆ ಮೀನು ತಳ ಸೇರುತ್ತದೆ ಎಂದು ಗೋಪಣ್ಣ ಮೆಲ್ಲಗೆ ಅಂದ, ನನಗೆ ಕೇಳಿಸಬಾರದೆಂದು. ನನಗೆ ಕೇಳಿಸಿತು. ಇವರ ಬೆನ್ನು ನೋಡುತ್ತಿದ್ದೆ. ಹೆಗಲ ನೋವಿಗೆ ಇಡೀ ಬೆನ್ನು ಒಂದು ಕಡೆ ವಾಲಿತ್ತು, ಆದರೂ ಬಲಗೈ ಏಟು ಹಾಕುವುದನ್ನು ಬಿಟ್ಟಿರಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು.

ಸೀರೆ ಮೇಲೆ ಕಟ್ಟಿ ನಾನೂ ನೀರಿಗಿಳಿದೆ. ನಸುಕಿನ ಗಾಳಿಗೆ ಕಿವಿಗೆ ಇಟ್ಟುಕೊಳ್ಳಲೆಂದು ಸೆರಗಿನಲ್ಲಿ ಗಂಟು ಹಾಕಿದ್ದ ಅರಳೆ ನೆನಪಾಯಿತು, ಹಿಂಜಿದ ಹಸನಾದ ಅರಳೆ. ಅದನ್ನು ಬಿಡಿಸಿ ಕೋಲಿನ ಮೇಲಿನ ಹಿಡಿಗೆ ಸುತ್ತಿದೆ. ಇವರ ಬಲಗೈಯನ್ನು ಅದರ ಮೇಲೆ ಇಟ್ಟೆ.

“ಈ ಅರಳಿ ಚಪ್ಪಟಿ ಆಗಬಾರದು, ನೋಡ್ರಿ,” ಎಂದೆ. “ಹಿಂಜಿದ ಅರಳಿ ನಿಮ್ಮ ಕೈಯಾಗ ಎಂದೂ ಮುರುಟಿಲ್ಲ. ಏನ ಜಗ್ಗತೀರಿ, ಎಡಗೈಲೆ ಜಗ್ರಿ. ಮಗಳ ಸಲುವಾಗಿ ಜಗ್ರಿ.”

ಇವರು ನನ್ನ ಮುಖ ನೋಡಿದರು, ಅರಳೆ ನೋಡಿದರು. ಹಿಂಜಿದ ಅರಳೆಯನ್ನು ಹಿಚುಕುವುದೆಂದರೆ ನದಾಫನ ಕೈಗೆ ಆಗದ ಕೆಲಸ. ಬೆರಳುಗಳು ತಾವಾಗಿಯೇ ಸಡಿಲವಾದವು. ದಾರ ಎತ್ತಿದರು, ಪಕ್ಕಕ್ಕೆ ಎಳೆದರು, ಬೆನ್ನ ಹಿಂದೆ ಬಿಲ್ಲು ನಿಂತಿತು. ಬಲಗೈ ಏಟು ಹಾಕಲು ಹೋಗಿ ಅರಳೆಯ ಭಯಕ್ಕೆ ತಡೆದುಕೊಂಡಿತು. ಬೇರೆ ದಾರಿಯೇ ಇಲ್ಲದೆ ಎಡಗೈ ಜಗ್ಗಿತು. ದಾರ ನಮ್ಮ ತಲೆ ದಾಟಿ, ನೀರಿನ ಮೇಲೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತ, ಬಂಡೆ ಮುಳುಗಿದ ಜಾಗದ ತನಕ ಹೋಯಿತು. ಗೋಪಣ್ಣ ದಂಡೆಯ ಮೇಲೆ ಕೂತವನು ಎದ್ದು ನಿಂತ. ಇವರು ದಾರ ಎಳೆದುಕೊಂಡು ಮತ್ತೆ ಬೀಸಿದರು. ಹೋಯಿತು. ಮತ್ತೆ ಬೀಸಿದರು, ಹೋಯಿತು.

ಮೀನು ಯಾವ ಬೀಸಿಗೆ ಕಚ್ಚಿತೋ ನಾನು ಎಣಿಸಲಿಲ್ಲ. ದಾರ ಬಿಗಿದು ಹಾಡತೊಡಗಿತು. ಅದು ಓಡಿದಾಗ ಇವರ ಎಡಗೈ ಬೆರಳುಗಳ ನಡುವಿನಿಂದ ದಾರ ಕೊಯ್ಯುತ್ತಲೇ ಹೋಯಿತು, ಇವರು ಬಿಡಲಿಲ್ಲ. ಹಿಮ್ಮುಳ್ಳಿಲ್ಲದ ಕೊಕ್ಕೆ, ದಾರ ಸಡಿಲವಾದರೆ ಜಾರುತ್ತದೆ ಎಂದು ಗೋಪಣ್ಣ ಕೂಗುತ್ತಿದ್ದ. ನಾನು ಅಲ್ಲಾನನ್ನೂ ನೆನೆದೆ, ಮೀನನ್ನೂ ಬೇಡಿಕೊಂಡೆ. ಕಡೆಗೆ ಮೀನು ಸೋತು ಮೊಣಕಾಲು ನೀರಿಗೆ ಬಂತು, ನಾನೇ ಸೆರಗಿನಲ್ಲಿ ಹಿಡಿದೆ. ಮೊಳಕ್ಕಿಂತ ಉದ್ದದ ಬಾಳೆಮೀನು. ಹಿಡಿಗೆ ಸುತ್ತಿದ ಅರಳೆ ಒದ್ದೆಯಾಗಿತ್ತು, ಚಪ್ಪಟೆಯಾಗಿರಲಿಲ್ಲ.

ಮನೆಗೆ ಬರುವ ತನಕ ನನಗೆ ಏನೂ ಹೊಳೆದಿರಲಿಲ್ಲ. ಸಬೀನಾ ಗೋಡೆಗೊರಗಿ ಕೂತಿದ್ದಳು. ಇವರು ಮೀನನ್ನು ಮೊದಲಿನಂತೆ ಅವಳ ಮುಂದೆ ಇಟ್ಟು ಬದಿಗೆ ಸರಿದರು. ಅವಳು ತಲೆಯನ್ನು ಬೆಳಕಿಗೆ ತಿರುಗಿಸಿದಾಗ ನಾನೂ ಬಗ್ಗಿ ನೋಡಿದೆ. ಹರಿದ ಗಾಯವೇ ಇಲ್ಲ. ದವಡೆಯ ಮೂಲೆಯಲ್ಲಿ ಒಂದು ಸಣ್ಣ, ದುಂಡನೆಯ, ನಯವಾದ ತೂತು, ಒಳಗಿಂದ ಬಂದದ್ದೋ ಹೊರಗಿಂದ ಹೋದದ್ದೋ ತಿಳಿಯದಂಥದ್ದು. ನಯ ಮಾಡಿದ ಕೊಕ್ಕೆ ಮಾಡಿದ ತೂತು ಥೇಟು ದಬ್ಬಣದ್ದೇ.

ಸಬೀನಾ ನನ್ನ ಕಡೆ ನೋಡಿದಳು. “ಮತ್ತ ದಬ್ಬಣಾನಾ, ಅವ್ವಾ?”

ಆಣೆ ಇಟ್ಟೆ, ಗೋಪಣ್ಣನ ಇಕ್ಕಳದ ಕಥೆ ಹೇಳಿದೆ, ಕಾವೇರಿಯ ಕ್ಯಾಂಪಿನ ಪದ್ಧತಿ ಹೇಳಿದೆ. ಹೇಳಿದಷ್ಟೂ ಸುಳ್ಳಿನಂತೆ ಕೇಳಿಸುತ್ತಿತ್ತು, ನನ್ನ ಕಿವಿಗೇ. ದಬ್ಬಣದ ಮಾತು ಇವರಿಗೆ ಆಗ ಗೊತ್ತಾಯಿತು. ನನ್ನನ್ನು ಒಮ್ಮೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೀನು ತೆಗೆದಿಡಲೆಂದು ಕೈ ಚಾಚಿದರು. ಬೆಳಗಿನಿಂದ ಬೀಸಿ ಸೋತ ಬಲಗೈ ಏಳುತ್ತಿರಲಿಲ್ಲ, ಚಾಚಿದ್ದು ಎಡಗೈ.

ಸಬೀನಾ ಆ ಕೈಯನ್ನು ಹಿಡಿದುಕೊಂಡಳು.

ಅವಳಿಗೆ ಗೊತ್ತಿದ್ದದ್ದು ಅಪ್ಪನ ಬಲಗೈ, ಗುಂಡು ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ. ಬಿಲ್ಲಿನ ಹಿಡಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರಿಂದ ಎಡಗೈ ಎಂದೂ ಮದುಮಗನ ಕೈಯಂತೆ ಮೆತ್ತಗಿರುತ್ತಿತ್ತು. ಈಗ ಅದರ ಅಂಗೈಯಲ್ಲಿ ಕೋಲಿನ ಬುಡ ಕೂತ ಕಡೆ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿತ್ತು. ತೋರುಬೆರಳಿನ ಮೇಲೆ ದಾರ ಕೊಯ್ದ ಕೆಂಪು ಗೆರೆ ಇನ್ನೂ ಹಸಿಯಾಗಿತ್ತು. ಹರ್ತಿಯ ಹೊಂಡದಿಂದ ದಿನಾ ಮನೆಗೆ ಬಂದ ಆ ಕೈಯನ್ನು ನಾನು ಒಂದು ದಿನವಾದರೂ ತಿರುಗಿಸಿ ನೋಡಿರಲಿಲ್ಲ. ಅವಳು ಮೀನಿನ ದವಡೆ ನೋಡುವ ಹಾಗೆಯೇ ಆ ಗಾಯವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

“ಭಾಳ ಜಗ್ಗೇತಿ ಇದು,” ಎಂದಳು, ಅಪ್ಪನಿಗೆ.

“ಹೂಂ,” ಎಂದರು ಇವರು.

ಅಡುಗೆ ಮಾಡುವಾಗ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನಾಲಿಗೆಗೆ ಹಚ್ಚಿ ನೋಡಿದೆ. ಅವಳು ಮೊದಲ ತುತ್ತು ಇಟ್ಟುಕೊಂಡಾಗ ಬೋಗುಣಿ ಹಿಡಿದು ಪಕ್ಕದಲ್ಲೇ ನಿಂತೆ. ಎರಡನೆಯ ತುತ್ತು, ಮೂರನೆಯದು. ಗಂಟಲಿನ ಕಡೆಗೇ ನೋಡುತ್ತಿದ್ದೆ, ಈಗ ಬಂತು, ಈಗ ಬಂತು ಎಂದು. ಬರಲಿಲ್ಲ.

“ಅವ್ವಾ, ಬೋಗಾಣಿ ಕೆಳಗ ಇಡ. ಇನ್ನೊಂದ ತುಂಡ ಹಾಕ,” ಎಂದಳು.

ಆಮೇಲೆ ಹೊಟ್ಟೆಗೆ ಅನ್ನ ಹಿಡಿಯಿತು. ಕೂಸು ತಿಂಗಳು ಮೊದಲೇ ಹುಟ್ಟಿತು, ಹೆಣ್ಣು, ತೀರ ಸಣ್ಣದು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಸಬೀನಾ ನನ್ನ ಮುಖ ನೋಡಿ ಹೇಗಿದೆ ಎಂದು ಕೇಳಿದಾಗ ಬಾಯಿಗೆ ಬಂದಿದ್ದು ಎಲ್ಲ ಚೆನ್ನಾಗಿದೆ ಎಂಬ ಹಳೆಯ ಮಾತೇ. ಅದನ್ನು ನುಂಗಿಕೊಂಡೆ. ಉಸಿರಾಡುತ್ತಿದೆ, ಸಣ್ಣದಿದೆ, ನನಗೂ ಭಯವಾಗುತ್ತಿದೆ ಎಂದೆ. ಅವಳು ತಲೆಯಾಡಿಸಿ ನನ್ನ ಕೈ ಹಿಡಿದು ಮಲಗಿದಳು. ನಂಬಿದ್ದಳು.

ಪೆಟ್ಟಿಗೆಯಿಂದ ಕೂಸನ್ನು ತೆಗೆದು ಕೈಗೆ ಕೊಟ್ಟ ದಿನ ಇವರು ಅದನ್ನು ಎಡಗೈ ಮೇಲೆ ಮಲಗಿಸಿಕೊಂಡರು. ನಾನು ಮೊದಲು ಅದರ ಕಿವಿ ನೋಡಿದೆ. ಎರಡೂ ಒಣಗಿದ್ದವು.